ಹಾರ್ಡ್ ಡಿಸ್ಕ್‌ನ ಹೆಡ್ ತನ್ನ ಟ್ರ್ಯಾಕ್ ಹಿಡಿಯುವುದು ಹೇಗೆ? ಕೆಟ್ಟ ಡಿಸ್ಕ್ ಬಿಚ್ಚಿ ನೋಡೋಣ

ಕೆಟ್ಟುಹೋದ ಹಾರ್ಡ್ ಡಿಸ್ಕ್ ಒಂದು ನಿಮ್ಮ ಮನೆಯಲ್ಲೇ ಇರಬಹುದು. ಇಲ್ಲದಿದ್ದರೆ ತುಮಕೂರಿನ ಯಾವುದಾದರೂ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೇಳಿ. ಗುಜರಿಗೆ ಹಾಕಲು ಎತ್ತಿಟ್ಟ ಡಬ್ಬದಲ್ಲಿ ಸಿಕ್ಕೇ ಸಿಗುತ್ತದೆ. ಐಟಿಐ, ಡಿಪ್ಲೊಮಾ ಓದುವ ಮಕ್ಕಳಿಗೆ ಸರ್ವೋ (ತನ್ನ ಜಾಗ ತಾನೇ ಅಳೆದು ತಿದ್ದಿಕೊಳ್ಳುವ ಏರ್ಪಾಡು) ಎಂಬ ಪಾಠ ಬರುತ್ತದಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಇಷ್ಟು ಸುಲಭಕ್ಕೆ ಬೇರೆ ಸಿಗುವುದಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬಿಚ್ಚಿದ ಡಿಸ್ಕ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಅದರೊಳಗೆ ಫೋಟೊ, ಲೆಕ್ಕಪತ್ರ ಏನಾದರೂ ಬೇಕಾದ್ದಿದ್ದರೆ ಮುಟ್ಟಬೇಡಿ.

ಬಿಚ್ಚುವ ಕೆಲಸ

ಇದಕ್ಕೆ ನಕ್ಷತ್ರದ ಆಕಾರದ ತುದಿ ಇರುವ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು. ಡೆಸ್ಕ್‌ಟಾಪ್ ಡಿಸ್ಕ್‌ಗೆ ಸಾಮಾನ್ಯವಾಗಿ ಟಿ8, ಲ್ಯಾಪ್‌ಟಾಪ್ ಡಿಸ್ಕ್‌ಗೆ ಟಿ6 ಅಥವಾ ಟಿ5. ಸುತ್ತಲಿನ ಸ್ಕ್ರೂಗಳನ್ನೆಲ್ಲ ತೆಗೆದರೂ ಮುಚ್ಚಳ ಬರದಿದ್ದರೆ ಬಲವಂತ ಮಾಡಬೇಡಿ. ಲೇಬಲ್ ಕೆಳಗೆ ಒಂದೆರಡು ಸ್ಕ್ರೂ ಅಡಗಿರುತ್ತವೆ. ಲೇಬಲ್ ಮೇಲೆ ಬೆರಳಾಡಿಸಿದರೆ ಗುಳಿ ಸಿಗುತ್ತದೆ.

ಲ್ಯಾಪ್‌ಟಾಪ್ ಡಿಸ್ಕ್‌ನ ತಟ್ಟೆ ಬಹುಪಾಲು ಗಾಜಿನದು. ಬಗ್ಗಿಸಲು ಹೋದರೆ ಚೂರುಚೂರಾಗಿ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕೂರಿ.

ಮುಚ್ಚಳ ತೆಗೆದರೆ ಕನ್ನಡಿಯಂತೆ ಹೊಳೆಯುವ ತಟ್ಟೆ, ಪಕ್ಕದಲ್ಲಿ ಒಂದು ತೋಳು. ತೋಳಿನ ತುದಿಯಲ್ಲಿ ಸಣ್ಣ ಚುಕ್ಕೆಯಷ್ಟೇ ಕಾಣುವುದು ಸ್ಲೈಡರ್. ಓದುವ, ಬರೆಯುವ ಹೆಡ್‌ಗಳೆರಡೂ ಅದರಲ್ಲೇ ಇವೆ. ತೋಳಿನ ಇನ್ನೊಂದು ತುದಿ ದಪ್ಪ ಲೋಹದ ಹಲಗೆಗಳ ನಡುವೆ ಹೋಗಿರುತ್ತದೆ. ಆ ಹಲಗೆಗೆ ಅಂಟಿರುವುದು ನಿಯೋಡಿಮಿಯಂ ಆಯಸ್ಕಾಂತ. ಎರಡು ಆಯಸ್ಕಾಂತಗಳ ನಡುವೆ ಬೆರಳು ಸಿಕ್ಕಿದರೆ ರಕ್ತ ಹೆಪ್ಪುಗಟ್ಟುವಷ್ಟು ಬಲ ಅದಕ್ಕಿದೆ. ಸದ್ಯಕ್ಕೆ ಅದನ್ನು ತೆಗೆಯಬೇಡಿ, ಈಗ ಅದರಿಂದಲೇ ಕೆಲಸ ಇದೆ.

ಸೆಲ್ ಹಾಕಿ ತೋಳು ಆಡಿಸಿ

ಆಯಸ್ಕಾಂತಗಳ ನಡುವೆ ತಾಮ್ರದ ತಂತಿ ಸುತ್ತಿದ ಚಪ್ಪಟೆ ಸುರುಳಿ ಕಾಣುತ್ತದೆ. ಅದರಿಂದ ಎರಡು ತಂತಿ ಹೊರಟು, ತೋಳಿನ ಪಕ್ಕದಲ್ಲಿ ಕಂದು ಬಣ್ಣದ ಪಟ್ಟಿಗೆ ಬೆಸುಗೆಯಾಗಿರುತ್ತವೆ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್‌ಗೆ ಎರಡು ವೈರ್ ಹಿಡಿದು, ಆ ಬೆಸುಗೆ ಬಿಂದುಗಳಿಗೆ ಒಂದು ಕ್ಷಣ ತಾಗಿಸಿ. ತೋಳು ಟಕ್ಕನೆ ಒಂದು ಕಡೆಗೆ ಹಾರುತ್ತದೆ. ವೈರ್ ಅದಲುಬದಲು ಮಾಡಿ ತಾಗಿಸಿ. ಈಗ ಇನ್ನೊಂದು ಕಡೆಗೆ. ಅಲ್ಲಾಡದಿದ್ದರೆ ತೋಳಿಗೆ ಕೊಕ್ಕೆ ಬಿದ್ದಿರಬಹುದು, ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿ. ವೈರ್ ತುಂಬ ಹೊತ್ತು ಹಿಡಿದಿಟ್ಟರೆ ಸುರುಳಿ ಬಿಸಿಯಾಗುತ್ತದೆ.

ಇದನ್ನು ವಾಯ್ಸ್ ಕಾಯಿಲ್ ಎನ್ನುತ್ತಾರೆ. ಸ್ಪೀಕರ್‌ನ ಕೋನ್ ಆಡಿಸುವುದೂ ಇದೇ ತತ್ವ. ಕರೆಂಟ್ ಹರಿಯುವ ದಿಕ್ಕು ತೋಳಿನ ದಿಕ್ಕನ್ನು, ಕರೆಂಟಿನ ಪ್ರಮಾಣ ತಳ್ಳುವ ಬಲವನ್ನು ತೀರ್ಮಾನಿಸುತ್ತದೆ.

ಈಗ ತೋಳನ್ನು ಬೆರಳಿನಿಂದ ತಳ್ಳಿ ನೋಡಿ. ಎಲ್ಲೂ ಹಲ್ಲಿಲ್ಲ, ಗೇರ್ ಇಲ್ಲ, ತಡೆದು ನಿಲ್ಲಿಸುವ ಕಚ್ಚಿಲ್ಲ. ಬೆಣ್ಣೆಯಲ್ಲಿ ಆಡಿದಂತೆ ಆಡುತ್ತದೆ. ತಟ್ಟೆಯ ಮೇಲೆ ಮಾಹಿತಿ ಬರೆಯುವ ಉಂಗುರದಂಥ ಒಂದೊಂದು ಸಾಲೂ ಒಂದು ಟ್ರ್ಯಾಕ್. ಹಾಗಾದರೆ ಬೇಕಾದ ಟ್ರ್ಯಾಕ್ ಮೇಲೆ ಇದು ನಿಲ್ಲುವುದಾದರೂ ಹೇಗೆ? ಈ ಲೇಖನ ಬರೆಯಲು ಕೂತಿದ್ದೇ ಈ ಪ್ರಶ್ನೆಗಾಗಿ.

ಹಿಂದೆ ಕಚ್ಚು ಇತ್ತು

1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಯಂತ್ರ ರಾಮ್ಯಾಕ್‌ನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಒಂದೊಂದು ಮುಖದಲ್ಲಿ ಬರೀ 100 ಟ್ರ್ಯಾಕ್. 1980ರಲ್ಲಿ ಬಂದ ಸೀಗೇಟ್ ಎಸ್‌ಟಿ-506 ಹಿಡಿಸುತ್ತಿದ್ದುದು 5 ಮೆಗಾಬೈಟ್. ಅದರಲ್ಲಿ ಸ್ಟೆಪ್ಪರ್ ಮೋಟರ್ ಇತ್ತು. ಮೋಟರ್ ಇಷ್ಟು ಹೆಜ್ಜೆ ತಿರುಗಿದರೆ ಇಷ್ಟನೇ ಟ್ರ್ಯಾಕ್, ಅಷ್ಟೇ ಲೆಕ್ಕ. ಟ್ರ್ಯಾಕ್ ನಿಜವಾಗಿ ಅಲ್ಲಿದೆಯೇ ಎಂದು ನೋಡುವವರು ಯಾರೂ ಇಲ್ಲ. ಟ್ರ್ಯಾಕ್‌ಗಳು ದೂರ ದೂರ ಇದ್ದಾಗ ಅದು ನಡೆಯಿತು.

ಇವತ್ತು ಒಂದು ಇಂಚಿಗೆ 4 ಲಕ್ಷ ಟ್ರ್ಯಾಕ್ ಇರುವ ಡಿಸ್ಕ್ ಇದೆ ಎಂದು ಹಿಡಿಯಿರಿ. ಒಂದು ಮಿಲಿಮೀಟರ್ ಅಗಲದಲ್ಲಿ ಹದಿನೈದು ಸಾವಿರಕ್ಕೂ ಜಾಸ್ತಿ ಟ್ರ್ಯಾಕ್ ಆಯಿತು. ಒಂದರಿಂದ ಇನ್ನೊಂದಕ್ಕೆ ಸುಮಾರು 63 ನ್ಯಾನೊಮೀಟರ್. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ನಮ್ಮದು. ಅಲ್ಲಿ ದುಡಿದವರಿಗೆ ಮೈಕ್ರಾನ್ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಮಿಲಿಮೀಟರಿನ ಸಾವಿರದ ಒಂದು ಪಾಲಾದ ಆ ಒಂದು ಮೈಕ್ರಾನ್‌ನೊಳಗೆ ಇಲ್ಲಿ ಹದಿನೈದು ಟ್ರ್ಯಾಕ್ ಕೂರುತ್ತವೆ!

ಇನ್ನು ಬಿಸಿಲಿನ ಲೆಕ್ಕ ನೋಡಿ. ಅಲ್ಯುಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 40 ಮಿಲಿಮೀಟರ್ ಉದ್ದದ ತುಂಡಿಗೆ ಇದು 0.9 ಮೈಕ್ರಾನ್ ಚಿಲ್ಲರೆ. ಅಂದರೆ ಒಂದೇ ಡಿಗ್ರಿಗೆ ಸುಮಾರು ಹದಿನಾಲ್ಕು ಟ್ರ್ಯಾಕ್‌ನಷ್ಟು ಜರುಗಿತು. ತಟ್ಟೆ, ತೋಳು, ತಳದ ಎರಕ ಎಲ್ಲವೂ ಒಂದೇ ಸಮ ಬಿಸಿಯಾಗುವುದಿಲ್ಲ. ಪಾವಗಡದ ಏಪ್ರಿಲ್ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಇರುವ ಅಂತರದಲ್ಲಿ, ಹೆಜ್ಜೆ ಎಣಿಸುವ ಮೋಟರ್ ದಾರಿ ತಪ್ಪುವುದು ಖಂಡಿತ.

ವಿಳಾಸ ತಟ್ಟೆಯ ಮೇಲೇ ಇದೆ

ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಟ್ರ್ಯಾಕ್ ಎಲ್ಲಿದೆ ಎಂಬುದನ್ನು ತಟ್ಟೆಯ ಮೇಲೇ ಬರೆದಿಟ್ಟು, ಹೆಡ್ ಅದನ್ನು ಓದಿಕೊಂಡು ತನ್ನನ್ನು ತಿದ್ದಿಕೊಳ್ಳುತ್ತ ಹೋಗುವುದು. ಐಬಿಎಂ 1970ರ ದಶಕದ ಆರಂಭದಲ್ಲಿ 3330 ಡಿಸ್ಕ್‌ನಲ್ಲಿ ಇದನ್ನು ತಂದಾಗ, ಈ ಗುರುತುಗಳಿಗೆಂದೇ ತಟ್ಟೆಯ ಒಂದು ಮುಖ ಮೀಸಲಾಗಿತ್ತು. ಈಗಿನ ಡಿಸ್ಕ್‌ನಲ್ಲಿ ಪ್ರತಿ ಮುಖದಲ್ಲೂ, ನಿಮ್ಮ ಫೈಲುಗಳ ನಡುನಡುವೆಯೇ, ಸರ್ವೋ ಗುರುತುಗಳಿವೆ. ಕಾರ್ಖಾನೆಯಲ್ಲೇ ಬರೆದು ಮುಗಿಸಿರುತ್ತಾರೆ.

ಹೆಡ್ ಅಂಥ ಒಂದು ಗುರುತಿನ ಮೇಲೆ ಹಾಯುವಾಗ ಏನೇನು ಓದುತ್ತದೆ, ಒಂದೊಂದಾಗಿ ನೋಡೋಣ.

ಮೊದಲು ಒಂದೇ ತಾಳದ ಅಲೆ. ಸಂಕೇತದ ಬಲ ಎಷ್ಟಿದೆ, ವೇಗ ಎಷ್ಟಿದೆ ಎಂದು ಹೊಂದಿಸಿಕೊಳ್ಳಲು ಇದು. ಆಮೇಲೆ ‘ಇಲ್ಲಿಂದ ಸರ್ವೋ ಶುರು’ ಎಂಬ ಗುರುತು. ಅದಾದ ಮೇಲೆ ಟ್ರ್ಯಾಕ್ ನಂಬರ್.

ಈ ನಂಬರ್ ಬರೆಯುವುದರಲ್ಲಿ ಒಂದು ಜಾಣತನ ಇದೆ. ಹೆಡ್ ಓಡುತ್ತಿರುವಾಗ ಅರ್ಧ 7ನೇ ಟ್ರ್ಯಾಕ್ ಮೇಲೆ, ಅರ್ಧ 8ರ ಮೇಲೆ ಇರಬಹುದು. ಮಾಮೂಲಿ ಬೈನರಿಯಲ್ಲಿ 7 ಎಂದರೆ 0111, 8 ಎಂದರೆ 1000. ನಾಲ್ಕೂ ಅಂಕಿ ಬದಲು. ಎರಡೂ ಬೆರೆತು ಕೇಳಿಸಿದರೆ 0 ಎಂದೋ 15 ಎಂದೋ ಓದಿಬಿಡಬಹುದು. ಅದಕ್ಕೇ ಗ್ರೇ ಕೋಡ್ ಬಳಸುತ್ತಾರೆ. ಅದರಲ್ಲಿ 7 ಎಂದರೆ 0100, 8 ಎಂದರೆ 1100. ಅಕ್ಕಪಕ್ಕದ ನಂಬರ್‌ಗಳಲ್ಲಿ ಒಂದೇ ಅಂಕಿ ವ್ಯತ್ಯಾಸ. ನಡುವೆ ಸಿಕ್ಕಿಬಿದ್ದರೂ ಓದುವುದು 7 ಅಥವಾ 8, ಮೂರನೆಯದು ಸಾಧ್ಯವೇ ಇಲ್ಲ. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ ಅವರಿಗೆ 1953ರಲ್ಲಿ ಇದರ ಪೇಟೆಂಟ್ ಸಿಕ್ಕಿತ್ತು. ಕಾಗದದ ಮೇಲೆ 0ಯಿಂದ 15ರವರೆಗೆ ನೀವೇ ಬರೆದು ನೋಡಿ, ಚೆನ್ನಾಗಿರುತ್ತದೆ.

ಕೊನೆಯಲ್ಲಿ ಬರುವುದು ಬರ್ಸ್ಟ್ ಎಂಬ ಸಣ್ಣ ತುಣುಕುಗಳು. ‘ಎ’ ಎಂಬ ತುಣುಕು ಟ್ರ್ಯಾಕ್ ಮಧ್ಯದಿಂದ ಒಂದು ಬದಿಗೆ, ‘ಬಿ’ ಇನ್ನೊಂದು ಬದಿಗೆ. ಎರಡೂ ಸಮ ಬಲದಲ್ಲಿ ಕೇಳಿಸಿದರೆ ಹೆಡ್ ನಟ್ಟನಡುವೆ ಇದೆ. ‘ಎ’ ಜಾಸ್ತಿ ಕೇಳಿಸಿತೋ, ಆ ಕಡೆಗೆ ವಾಲಿದೆ. ಈ ವ್ಯತ್ಯಾಸವೇ ತಪ್ಪಿನ ಅಳತೆ. ಡಿಸ್ಕ್‌ನ ಸರ್ಕ್ಯೂಟ್ ಬೋರ್ಡ್ ಮೇಲಿನ ಚಿಪ್ ಅದನ್ನು ನೋಡಿ ಸುರುಳಿಗೆ ಅಷ್ಟೇ ಕರೆಂಟ್ ಕಳಿಸುತ್ತದೆ.

ರಾಗಿ ಹೊಲ ಉಳುವಾಗ ರೈತ ನೇಗಿಲನ್ನು ಯಾವ ಹಳಿಗೂ ಕಟ್ಟಿರುವುದಿಲ್ಲ. ಪಕ್ಕದ ಸಾಲು ನೋಡುತ್ತ ಮೇಳಿಯನ್ನು ಅತ್ತ ಇತ್ತ ಒತ್ತುತ್ತ ಹೋಗುತ್ತಾನೆ. ಹೆಡ್ ಮಾಡುವುದೂ ಅದನ್ನೇ. ಎಷ್ಟು ಸಲ? ಒಂದು ಸುತ್ತಿಗೆ 200 ಗುರುತು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಸೆಕೆಂಡಿಗೆ 24,000 ಸಲ ಅಳೆದು, 24,000 ಸಲ ತಿದ್ದಿಕೊಳ್ಳುತ್ತದೆ.

ಓಡುವುದು, ನಿಲ್ಲುವುದು, ಬರೆಯುವುದು

ದೂರದ ಟ್ರ್ಯಾಕ್‌ಗೆ ಹೋಗಬೇಕಾದರೆ ಸುರುಳಿಗೆ ಮೊದಲು ಜೋರು ಕರೆಂಟ್, ಆಮೇಲೆ ಉಲ್ಟಾ ಕರೆಂಟ್ ಕೊಟ್ಟು ಬ್ರೇಕ್. ದಾರಿಯುದ್ದಕ್ಕೂ ಟ್ರ್ಯಾಕ್ ನಂಬರ್ ಓದುತ್ತ ವೇಗ ಲೆಕ್ಕ ಹಾಕುತ್ತದೆ. ತಲುಪಿದ ಮೇಲೆ ತೋಳಿನ ನಡುಕ ಅಡಗಬೇಕು. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್‌ನಲ್ಲಿ ಇದಕ್ಕೆಲ್ಲ ಸರಾಸರಿ 8ರಿಂದ 10 ಮಿಲಿಸೆಕೆಂಡ್. ದೊಡ್ಡ ಸಾಮರ್ಥ್ಯದ ಡಿಸ್ಕ್‌ಗಳಲ್ಲಿ ತೋಳಿನ ತುದಿಯ ಬಳಿ ಪೀಜೋ ಎಂಬ ಪುಟ್ಟ ಹರಳು ಕೂಡ ಇರುತ್ತದೆ. ವೋಲ್ಟೇಜ್ ಕೊಟ್ಟರೆ ಅದು ಕೂದಲೆಳೆಗಿಂತ ಕಮ್ಮಿ ಹಿಗ್ಗಿ ಕುಗ್ಗಿ, ಕೊನೆಯ ಸೂಕ್ಷ್ಮ ತಿದ್ದುಪಡಿ ಮಾಡುತ್ತದೆ.

ಓದುವಾಗ ಸ್ವಲ್ಪ ತಪ್ಪಿದರೆ ಮುಂದಿನ ಸುತ್ತಿನಲ್ಲಿ ಮತ್ತೆ ಓದಬಹುದು. ಬರೆಯುವಾಗ ತಪ್ಪಿದರೆ ಪಕ್ಕದ ಟ್ರ್ಯಾಕ್‌ನಲ್ಲಿದ್ದ ಫೈಲ್ ಹಾಳು. ಹಾಗಾಗಿ ಹೆಡ್ ಮಿತಿ ಮೀರಿ ಸರಿದದ್ದು ಗೊತ್ತಾದ ತಕ್ಷಣ ಬರೆಯುವುದನ್ನು ನಿಲ್ಲಿಸಿ, ಒಂದು ಸುತ್ತು ಕಾಯುತ್ತದೆ. ಡಿಸ್ಕ್ ನಿಧಾನವಾಯಿತು ಎಂದು ನಮಗೆ ಅನಿಸುವುದು ಆಗಲೇ. 2008ರಲ್ಲಿ ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್ ಸರ್ವರ್ ಡಿಸ್ಕ್‌ಗಳ ಮುಂದೆ ನಿಂತು ಜೋರಾಗಿ ಕೂಗಿ ತೋರಿಸಿದರು. ಕೂಗಿದ ಕ್ಷಣವೇ ಡಿಸ್ಕ್‌ಗಳು ತಡವರಿಸಿದ್ದು ಪರದೆಯ ಮೇಲೆ ಕಂಡಿತು.

ಮನುಷ್ಯನ ಕೂಗಿಗೇ ಹೀಗಾದರೆ ಫ್ಲೋರ್ ಮಿಲ್ ಗೋಡೆಯ ನಡುಕಕ್ಕೆ ಏನಾಗಬೇಡ! ಅಂಗಡಿಗಳಲ್ಲಿ ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನು (ಕ್ಯಾಮೆರಾ ಕಂಡದ್ದನ್ನು ಹಾರ್ಡ್ ಡಿಸ್ಕ್‌ನಲ್ಲಿ ಬರೆದಿಡುವ ಪೆಟ್ಟಿಗೆ) ಶಟರ್ ಪಕ್ಕದ ಕಬ್ಬಿಣದ ಸ್ಟ್ಯಾಂಡ್ ಮೇಲೋ, ಮಿಲ್ಲಿಗೆ ತಾಗಿದ ಗೋಡೆಯ ಮೇಲೋ, ಸ್ಪೀಕರ್ ಪಕ್ಕದಲ್ಲೋ ಇಡುತ್ತಾರೆ. ದಯವಿಟ್ಟು ಬೇಡ. ಅಲ್ಲಾಡದ ಕಡೆ, ಗಾಳಿ ಆಡುವ ಕಡೆ, ಕೆಳಗೊಂದು ರಬ್ಬರ್ ಷೀಟ್ ಹಾಕಿ ಇಡಿ.

ಟಕ್ ಟಕ್ ಶಬ್ದ ಬಂದರೆ

ಹೆಡ್‌ಗೆ ಸರ್ವೋ ಗುರುತು ಸಿಗುತ್ತಿಲ್ಲ, ತೋಳು ವಾಪಸ್ ಹೋಗಿ ಮೊದಲಿನಿಂದ ಹುಡುಕುತ್ತಿದೆ ಎಂದು ಅದರ ಅರ್ಥ. ಕೂಡಲೇ ಪವರ್ ತೆಗೆಯಿರಿ. ಡಿವಿಆರ್ ಆದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಿ, ವೋಲ್ಟೇಜ್ ಕುಸಿದರೂ ಇದೇ ಶಬ್ದ ಬರುತ್ತದೆ. ಅದಕ್ಕೂ ನಿಲ್ಲದಿದ್ದರೆ ಹೆಡ್ಡೋ ತಟ್ಟೆಯೋ ಕೆಟ್ಟಿರಬೇಕು. ಮತ್ತೆ ಮತ್ತೆ ಆನ್ ಮಾಡಿದಷ್ಟೂ ತಟ್ಟೆ ಗೀರಾಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸರ್ವೋ ಗುರುತುಗಳನ್ನು ನಮ್ಮ ಕಂಪ್ಯೂಟರ್‌ನಿಂದ ಮತ್ತೆ ಬರೆಯಲು ಆಗುವುದಿಲ್ಲ.

ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ತಂದು ಕೂರಿಸುವ ರೂಢಿಯೂ ಇದೆ. ಹಳೆಯ ಡಿಸ್ಕ್‌ಗಳಲ್ಲಿ ಅದು ನಡೆಯುತ್ತಿತ್ತು. ಈಗಿನವುಗಳಲ್ಲಿ ಓದುವ ಹೆಡ್‌ಗೂ ಬರೆಯುವ ಹೆಡ್‌ಗೂ ನಡುವಿನ ಅಂತರದಂಥ ಅಳತೆಗಳನ್ನು ಕಾರ್ಖಾನೆಯಲ್ಲಿ ಒಂದೊಂದು ಡಿಸ್ಕ್‌ಗೂ ಬೇರೆ ಬೇರೆಯಾಗಿ ತೆಗೆದಿರುತ್ತಾರೆ. ಅವುಗಳಲ್ಲಿ ಕೆಲವು ಬೋರ್ಡ್ ಮೇಲಿನ, ಪವರ್ ತೆಗೆದರೂ ಮರೆಯದ ರೋಮ್ ಎಂಬ ಚಿಪ್‌ನಲ್ಲಿ ಇರುತ್ತವೆ. ಆ ಚಿಪ್ ಬಿಚ್ಚಿ ಹೊಸ ಬೋರ್ಡ್‌ಗೆ ಹಾಕದಿದ್ದರೆ ಹೆಡ್‌ಗೆ ತನ್ನ ಅಳತೆಯೇ ಗೊತ್ತಿರುವುದಿಲ್ಲ. ಹಾಗಾಗಿ ರಿಪೇರಿಗೆ ಕೊಡುವಾಗ ಹಳೆಯ ಬೋರ್ಡ್ ಎಸೆಯದೆ ಡಿಸ್ಕ್ ಜೊತೆಗೇ ಕೊಡಿ.