ಗುಣಾಕಾರವೋ ಸಂಕಲನವೋ: ಘಾತಾಂಕ, ಕರಣಿಗಳಿರುವ ಬೀಜೋಕ್ತಿಗಳನ್ನು ಸಂಕ್ಷೇಪಿಸುವ ಬಗೆ

ಘಾತಾಂಕದ ಲೆಕ್ಕದಲ್ಲಿ ತಪ್ಪುವ ಹೆಚ್ಚಿನವರಿಗೆ ನಿಯಮಗಳೆಲ್ಲ ಬಾಯಿಪಾಠವಿರುತ್ತವೆ. ಗುಣಾಕಾರಕ್ಕೆ ಮಾತ್ರ ಸಲ್ಲುವ ನಿಯಮವನ್ನು ಸಂಕಲನದ ಮೇಲೆ ಹೇರಿದಾಗ ಲೆಕ್ಕ ಕೆಡುತ್ತದೆ. ಆದ್ದರಿಂದ ಪ್ರತಿ ಸಾಲು ಬರೆಯುವ ಮೊದಲು ಕೇಳಿಕೊಳ್ಳಿ: ಇವೆರಡರ ನಡುವೆ ಇರುವುದು ಗುಣಾಕಾರವೋ, ಸಂಕಲನವೋ? ಮುಂದೆ ಬರುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಈ ಒಂದು ಪ್ರಶ್ನೆಗೇ ಸಿಕ್ಕಿಬೀಳುತ್ತವೆ.

ಇಲ್ಲಿ ಚರಾಕ್ಷರಗಳು ಅ ಮತ್ತು ಬ. ಬೇರೆ ಹೇಳದಿದ್ದರೆ ಎರಡನ್ನೂ ಧನ ಸಂಖ್ಯೆಗಳೆಂದು ಭಾವಿಸಿ. ಘಾತಾಂಕ ಭಿನ್ನರಾಶಿಯಾದ ಕಡೆ ಅ^(2/3) ಎಂದು ಬರೆದಿದೆ.

ಘಾತಾಂಕ ಎಂದರೆ ಎಣಿಕೆ

ಅ³ × ಅ⁴ ಎಂದರೆ ಮೂರು ಅ, ಆಮೇಲೆ ನಾಲ್ಕು ಅ, ಒಟ್ಟು ಏಳು: ಅ⁷. (ಅ³)⁴ ಎಂದರೆ ಮೂರರ ನಾಲ್ಕು ಗುಂಪು, ಒಟ್ಟು ಹನ್ನೆರಡು: ಅ¹². ಯಾವಾಗ ಕೂಡಬೇಕು, ಯಾವಾಗ ಗುಣಿಸಬೇಕು ಎಂಬ ಗೊಂದಲ ಬಂದರೆ ಹೀಗೆ ಬಿಡಿಸಿ ಎಣಿಸಿ. ಹತ್ತು ಸೆಕೆಂಡಿನ ಕೆಲಸ. ಅ³ + ಅ⁴ ಮಾತ್ರ ಇದ್ದಲ್ಲೇ ಇರುತ್ತದೆ. ಘಾತಾಂಕ ಬೇರೆಯಾದ್ದರಿಂದ ಅವು ಸಜಾತಿ ಪದಗಳಲ್ಲ. ಹೆಚ್ಚೆಂದರೆ ಅ³(1 + ಅ) ಎಂದು ಸಾಮಾನ್ಯ ಅಪವರ್ತನವನ್ನು ಹೊರಗೆ ತೆಗೆಯಬಹುದು.

ಆವರಣದ ಹೊರಗಿನ ಘಾತ ಒಳಗಿರುವ ಪ್ರತಿಯೊಂದು ಅಪವರ್ತನಕ್ಕೂ ತಗಲುತ್ತದೆ, ಸಹಗುಣಕಕ್ಕೂ. (2ಅ³)⁴ = 16ಅ¹². ಇದನ್ನು 2ಅ¹² ಎಂದು ಬರೆದವರು 2 ಕೂಡ ಆವರಣದೊಳಗಿದೆ ಎನ್ನುವುದನ್ನು ಮರೆತಿರುತ್ತಾರೆ; 8ಅ¹² ಎಂದವರು 2⁴ ಬದಲು 2 × 4 ಮಾಡಿರುತ್ತಾರೆ. ಋಣ ಚಿಹ್ನೆಗೂ ಇದೇ ಮಾತು: (−3)² = 9, ಆದರೆ −3² = −9. ಎರಡನೆಯದರಲ್ಲಿ ವರ್ಗ ಸಲ್ಲುವುದು 3ಕ್ಕೆ ಮಾತ್ರ. ಎಕ್ಸೆಲ್‌ನಲ್ಲಿ =-3^2 ಎಂದು ಟೈಪ್ ಮಾಡಿದರೆ 9 ಬರುತ್ತದೆ, ಅದರ ಕ್ರಮವೇ ಬೇರೆ. ಯಂತ್ರವನ್ನು ನಂಬುವ ಮುನ್ನ ಆವರಣ ಹಾಕುವುದು ಕ್ಷೇಮ.

ಸೊನ್ನೆ ಮತ್ತು ಋಣ ಘಾತಾಂಕಗಳನ್ನು ಉರು ಹೊಡೆಯುವ ಅಗತ್ಯವಿಲ್ಲ. 8, 4, 2 ಎಂದು ಪ್ರತಿ ಸಲ ಎರಡರಿಂದ ಭಾಗಿಸುತ್ತ ಇಳಿಯಿರಿ: 2³, 2², 2¹. ಮುಂದಿನ ಮೆಟ್ಟಿಲು 1, ಅಂದರೆ 2⁰; ಅದರ ಕೆಳಗೆ 1/2, ಅಂದರೆ 2⁻¹. ಋಣ ಘಾತಾಂಕ ಬೆಲೆಯನ್ನು ಋಣವಾಗಿಸುವುದಿಲ್ಲ, ಛೇದಕ್ಕೆ ಇಳಿಸುತ್ತದೆ, ಅಷ್ಟೆ. ಇಳಿಯುವುದು ಯಾವುದರ ತಲೆಯ ಮೇಲೆ ಘಾತಾಂಕ ಕೂತಿದೆಯೋ ಅದು ಮಾತ್ರ: 3ಅ⁻² = 3/ಅ². ಇಲ್ಲಿ 3 ಮೇಲೆಯೇ ಉಳಿಯುತ್ತದೆ.

ಇನ್ನು (ಅ⁻¹ + ಬ⁻¹)⁻¹. ಒಳಗೆ ಸಂಕಲನವಿದೆ, ಹಾಗಾಗಿ ಹೊರಗಿನ −1 ಅನ್ನು ಹಂಚುವಂತಿಲ್ಲ. ಮೊದಲು ಒಳಗಿನದನ್ನು ಒಂದೇ ಭಿನ್ನರಾಶಿ ಮಾಡಿ: 1/ಅ + 1/ಬ = (ಅ + ಬ)/ಅಬ. ಆಮೇಲೆ ತಿರುಗಿಸಿ: ಅಬ/(ಅ + ಬ). ಹಂಚಿಬಿಟ್ಟವರಿಗೆ ಅ + ಬ ಸಿಗುತ್ತದೆ. ಎರಡಕ್ಕೂ 2 ಹಾಕಿ ನೋಡಿದರೆ ನಿಜವಾದ ಬೆಲೆ 1, ಹಂಚಿದವರದ್ದು 4.

ಒಂದು ಲೆಕ್ಕವನ್ನು ಪೂರ್ತಿ ಮಾಡೋಣ: (6ಅ³ಬ⁻²)² ÷ (9ಅ⁻¹ಬ³).

ಮೊದಲು ಆವರಣ ಬಿಡಿಸಿ: 36ಅ⁶ಬ⁻⁴. ಆಮೇಲೆ ಸಂಖ್ಯೆ, ಅ, ಬ ಮೂರನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಿ. ಸಂಖ್ಯೆ: 36 ÷ 9 = 4. ಅ ಘಾತಾಂಕ: 6 − (−1) = 7. ಬ ಘಾತಾಂಕ: −4 − 3 = −7. ಋಣ ಘಾತಾಂಕವನ್ನು ಕೆಳಗಿಳಿಸುವುದು ಕೊನೆಗೆ: 4ಅ⁷/ಬ⁷. ಮಧ್ಯದಲ್ಲೇ ಮೇಲೆ ಕೆಳಗೆ ಮಾಡುತ್ತ ಹೋದರೆ ಒಂದನ್ನು ಎರಡು ಸಲ ದಾಟಿಸಿಬಿಡುವ ಅಪಾಯವಿದೆ. ಇಲ್ಲಿ ಕೈ ಜಾರುವ ಜಾಗ 6 − (−1). ಅವಸರದಲ್ಲಿ ಅದು 5 ಆಗುತ್ತದೆ.

ತಾಳೆ ನೋಡಲು ಅ = 3, ಬ = 2 ಎಂದಿಡಿ. 6 × 27 ÷ 4 = 40.5, ಅದರ ವರ್ಗ 1640.25; ಭಾಜಕ 9 × 1/3 × 8 = 24; ಭಾಗಲಬ್ಧ 68.34375. ಉತ್ತರದ ಕಡೆಯಿಂದ 4 × 2187 ÷ 128, ಅದೂ 68.34375. ತಾಳೆಗೆ 1 ಬೇಡವೇ ಬೇಡ: ಒಂದರ ಯಾವ ಘಾತವೂ ಒಂದೇ ಆದ್ದರಿಂದ ತಪ್ಪು ಘಾತಾಂಕವೂ ಪಾಸಾಗುತ್ತದೆ. ಒಂದೇ ಚರಾಕ್ಷರವಿದ್ದರೆ 2 ಕೂಡ ಮೋಸಗಾರ, ಏಕೆಂದರೆ 2 + 2, 2 × 2, 2² ಮೂರೂ 4.

ಮೂಲಚಿಹ್ನೆಯ ಒಳಗೆ

ಮೂಲಚಿಹ್ನೆ ಹೊತ್ತ √2, ∛5 ತರಹದ ಮೂಲಗಳೇ ಕರಣಿಗಳು. ಆ ಮಾತು ಶುಲ್ಬಸೂತ್ರಗಳಷ್ಟು, ಅಂದರೆ ಯಜ್ಞವೇದಿ ಕಟ್ಟುವ ಅಳತೆಗಳನ್ನು ಹೇಳುವ ಪ್ರಾಚೀನ ಗ್ರಂಥಗಳಷ್ಟು, ಹಳೆಯದು. ಅಲ್ಲಿ ದ್ವಿಕರಣಿ ಎಂದರೆ ಎರಡರಷ್ಟು ವಿಸ್ತೀರ್ಣದ ಚೌಕವನ್ನು ಕೊಡುವ ಹಗ್ಗ, ಅಂದರೆ ನಮ್ಮ √2. ಅಚ್ಚಿನಲ್ಲಿ √ ಚಿಹ್ನೆ ಕಾಣಿಸಿಕೊಂಡದ್ದು 1525ರಲ್ಲಿ, ಗಣಿತಜ್ಞ ಕ್ರಿಸ್ಟೋಫ್ ರುಡಾಲ್ಫ್ ಬರೆದ ಬೀಜಗಣಿತದಲ್ಲಿ. ಅದಕ್ಕೆ ಮೇಲ್ಗೆರೆ ಇರಲಿಲ್ಲ. ಆ ಗೆರೆ ಅಲಂಕಾರಕ್ಕಲ್ಲ, ಆವರಣದ ಕೆಲಸ ಮಾಡುತ್ತದೆ. ಕೈಯಲ್ಲಿ ಬರೆಯುವಾಗ ಅದನ್ನು ಎಲ್ಲಿಯವರೆಗೆ ಎಳೆಯಬೇಕೋ ಅಲ್ಲಿಯವರೆಗೇ ಎಳೆಯಿರಿ. ಟೈಪ್ ಮಾಡುವಾಗ √(ಅ + 9) ಎಂದು ಆವರಣ ಹಾಕಿ.

ಸಂಖ್ಯೆಯ ವರ್ಗಮೂಲ ಸಂಕ್ಷೇಪಿಸಲು ಅದನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆದು ಜೋಡಿ ಕಟ್ಟಿ. 72 = 2 × 2 × 2 × 3 × 3. ಒಂದು ಜೋಡಿ 2, ಒಂದು ಜೋಡಿ 3 ಹೊರಗೆ ಬರುತ್ತವೆ, ಒಂಟಿ 2 ಒಳಗೇ ಉಳಿಯುತ್ತದೆ: 6√2. 9 × 8 ಎಂದು ಒಡೆದು 3√8ಕ್ಕೆ ನಿಲ್ಲಿಸುವವರಿದ್ದಾರೆ. ಅದು ತಪ್ಪಲ್ಲ, ಮುಗಿದಿಲ್ಲ. 8ರೊಳಗೆ ಇನ್ನೂ ಒಂದು 4 ಅಡಗಿದೆ. ಘನಮೂಲವಾದರೆ ಜೋಡಿಯ ಬದಲು ಮೂರರ ಗುಂಪು.

ಅಕ್ಷರಗಳಿಗೆ ಭಾಗಾಕಾರ ಸಾಕು. ಘಾತಾಂಕವನ್ನು ಕರಣಿಯ ಕ್ರಮದಿಂದ (ವರ್ಗಮೂಲಕ್ಕೆ 2, ಘನಮೂಲಕ್ಕೆ 3) ಭಾಗಿಸಿ: ಭಾಗಲಬ್ಧ ಹೊರಗೆ, ಶೇಷ ಒಳಗೆ. ∛(54ಅ⁷ಬ⁵) ನೋಡಿ. 54 = 27 × 2, ಹೊರಗೆ 3. ಏಳನ್ನು ಮೂರರಿಂದ ಭಾಗಿಸಿದರೆ 2, ಶೇಷ 1. ಐದನ್ನು ಭಾಗಿಸಿದರೆ 1, ಶೇಷ 2. ಉತ್ತರ 3ಅ²ಬ ∛(2ಅಬ²). ಇಲ್ಲಿನ ದೊಡ್ಡ ಬಲೆ √(ಅ¹⁶). 16 ಕಂಡ ಕೂಡಲೇ ಕೈ 4 ಎಂದು ಬರೆಯುತ್ತದೆ. ಆದರೆ ಘಾತಾಂಕವನ್ನು ಅರ್ಧ ಮಾಡಬೇಕು, ಅದರ ವರ್ಗಮೂಲ ತೆಗೆಯಬಾರದು: ಅ⁸.

ಅ ಋಣವಾಗಿರಬಹುದು ಎಂದಾದರೆ √(ಅ²) = |ಅ|, ಅಂದರೆ ಋಣ ಚಿಹ್ನೆ ಬಿಟ್ಟ ಬೆಲೆ. ಅ = −5 ಎಂದಿಡಿ: √25 = 5, −5 ಅಲ್ಲ. √ ಚಿಹ್ನೆ ಯಾವಾಗಲೂ ಋಣವಲ್ಲದ ಮೂಲವನ್ನೇ ಸೂಚಿಸುತ್ತದೆ; ± ಬರುವುದು ಅ² = 25 ಎಂಬ ಸಮೀಕರಣ ಬಿಡಿಸುವಾಗ. ∛(ಅ³)ಕ್ಕೆ ಆ ನಿಟ್ಟಗೆರೆಗಳು ಬೇಕಿಲ್ಲ, ಘನಮೂಲವು ಸಂಖ್ಯೆಯ ಧನ-ಋಣ ಚಿಹ್ನೆಯನ್ನು ಉಳಿಸಿಕೊಳ್ಳುತ್ತದೆ.

ಕೂಡುವ ಪ್ರಶ್ನೆ ಬಂದಾಗ ಮೊದಲು ಪ್ರತಿಯೊಂದನ್ನೂ ಸಂಕ್ಷೇಪಿಸಿ, ಆಮೇಲಷ್ಟೇ ಸಮರೂಪ ಕರಣಿಗಳನ್ನು, ಅಂದರೆ ಮೂಲಚಿಹ್ನೆಯ ಭಾಗ ಒಂದೇ ಆಗಿರುವವನ್ನು, ಹುಡುಕಿ. √50 + √18 − √8 ಮೇಲ್ನೋಟಕ್ಕೆ ಮೂರು ಬೇರೆ ಕರಣಿಗಳು; ಒಡೆದರೆ 5√2 + 3√2 − 2√2 = 6√2. √2 + √3 ಮಾತ್ರ ಹಾಗೆಯೇ ಇರಲಿ, ಅದನ್ನು √5 ಮಾಡಬೇಡಿ. √(9 + 16) = √25 = 5, ಆದರೆ 3 + 4 = 7; ಮೂಲಚಿಹ್ನೆಯನ್ನು ಸಂಕಲನಕ್ಕೆ ಹಂಚುವ ಆಸೆ ಬಂದಾಗಲೆಲ್ಲ ಇದನ್ನು ನೆನೆಯಿರಿ. ಹಾಗೆಂದೇ √(ಅ² + 9) ಎಂಬುದು ಅ + 3 ಆಗುವುದಿಲ್ಲ. √(ಅ² + 6ಅ + 9) ಆದರೆ ಆಗುತ್ತದೆ, ಏಕೆಂದರೆ ಒಳಗಿರುವುದು (ಅ + 3)², ಅಂದರೆ ಮತ್ತೆ ಗುಣಾಕಾರ. ಇದೇ ಕಾರಣಕ್ಕೆ (√5 + √3)² ಬರೀ 8 ಅಲ್ಲ, 8 + 2√15.

ಮೂಲವೂ ಒಂದು ಘಾತವೇ

ಅ^(1/3) ಅನ್ನು ಮೂರು ಸಲ ಗುಣಿಸಿದರೆ ಘಾತಾಂಕಗಳು ಕೂಡಿ 1 ಆಗುತ್ತದೆ. ಅಂದಮೇಲೆ ಅದು ∛ಅ. ಭಿನ್ನರಾಶಿಯ ಛೇದ ಮೂಲವನ್ನೂ ಅಂಶ ಘಾತವನ್ನೂ ಹೇಳುತ್ತದೆ. ಕೈಲೆಕ್ಕದಲ್ಲಿ ಮೊದಲು ಮೂಲ ತೆಗೆಯಿರಿ, ಸಂಖ್ಯೆ ಚಿಕ್ಕದಾಗಿ ಉಳಿಯುತ್ತದೆ: 27^(2/3) = 3² = 9. ಮೊದಲು ವರ್ಗ ಮಾಡಿದರೆ 729ರ ಘನಮೂಲ ಹುಡುಕುತ್ತ ಕೂರಬೇಕು. 16^(−3/4)ರಲ್ಲಿ ಮೂರು ಕೆಲಸಗಳಿವೆ: ನಾಲ್ಕನೆಯ ಮೂಲ 2, ಅದರ ಘನ 8, ಋಣ ಚಿಹ್ನೆಯಿಂದ ತಲೆಕೆಳಗು, ಉತ್ತರ 1/8.

ಕ್ರಮ ಬೇರೆಯಾದ ಕರಣಿಗಳನ್ನು ಗುಣಿಸಲು ಈ ರೂಪವೇ ಸಲೀಸು. √2 × ∛3 ಎಂದರೆ 2^(3/6) × 3^(2/6), ಅಂದರೆ 8 × 9 = 72ರ ಆರನೆಯ ಮೂಲ.

ಛೇದದಲ್ಲಿ ಕರಣಿ ಬಂದರೆ

6/√3 ಇದ್ದರೆ ಮೇಲೂ ಕೆಳಗೂ √3ರಿಂದ ಗುಣಿಸಿ: 6√3/3 = 2√3. 1/∛2ಕ್ಕೆ ಇದೇ ಉಪಾಯ ನಡೆಯದು. ∛2ರಿಂದ ಗುಣಿಸಿದರೆ ಕೆಳಗೆ ∛4 ಬಂದು ಕೂರುತ್ತದೆ. ಘನಮೂಲಕ್ಕೆ ಮೂರು 2 ಬೇಕು, ಇರುವುದು ಒಂದು, ಕೊರತೆ ಎರಡು. ಆದ್ದರಿಂದ ಅಕರಣೀಕಾರಕ (ಛೇದದ ಕರಣಿ ಹೋಗುವಂತೆ ಗುಣಿಸುವ ಸಂಖ್ಯೆ) ∛4, ಉತ್ತರ ∛4/2.

ಛೇದದಲ್ಲಿ ಎರಡು ಪದಗಳಿದ್ದರೆ ನಡುವಿನ ಚಿಹ್ನೆ ಬದಲಿಸಿದ ಸಂಯುಗ್ಮದಿಂದ ಗುಣಿಸಿ. 4/(√7 − √3) ಅನ್ನು √7 + √3ರಿಂದ ಮೇಲೆ ಕೆಳಗೆ ಗುಣಿಸಿದಾಗ ಛೇದ 7 − 3 = 4. ಮೇಲಿನ 4 ಹೊಡೆದುಹೋಗಿ √7 + √3 ಉಳಿಯುತ್ತದೆ. ಛೇದವನ್ನೇ ವರ್ಗ ಮಾಡಿದರೆ ನಡುವಿನ 2√21 ಕಾಡುತ್ತದೆ. ಸಂಯುಗ್ಮದಲ್ಲಿ ಆ ಪದ ವಜಾ ಆಗುವುದೇ ಇದರ ಲಾಭ. 1/√2 = √2/2. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ 1ನ್ನು √2ರ ಬೆಲೆ 1.41421ರಿಂದ ಭಾಗಿಸುವುದಕ್ಕಿಂತ 1.41421 ಅನ್ನು ಅರ್ಧ ಮಾಡುವುದು ಸುಲಭವಿತ್ತು. ಈಗ ಆ ಕಷ್ಟವಿಲ್ಲದಿದ್ದರೂ ಇಬ್ಬರ ಉತ್ತರ ಒಂದೇ ಎಂದು ತಕ್ಷಣ ಗುರುತಿಸಲು ಅಕರಣೀಕರಣ, ಅಂದರೆ ಛೇದದಿಂದ ಕರಣಿ ತೆಗೆಯುವುದು, ಬೇಕು.

ಕೊನೆಯ ಸಾಲಿನಲ್ಲಿ ಹೊಡೆದುಹಾಕುವಾಗ ಎಚ್ಚರ. (6 + √12)/2 ಅನ್ನು 3 + √12 ಎಂದು ಬರೆದರೆ 2 ಒಂದೇ ಪದವನ್ನು ಭಾಗಿಸಿದಂತಾಯಿತು. 3 + √6 ಎಂದರೆ ಹೊರಗಿನ 2 ಮೂಲಚಿಹ್ನೆಯೊಳಗೆ ನುಗ್ಗಿದಂತಾಯಿತು. √12 = 2√3 ಎಂದು ಮೊದಲು ಒಡೆಯಿರಿ, 2 ಎರಡೂ ಪದಗಳಿಂದ ಹೊರಬರುತ್ತದೆ: 2(3 + √3)/2 = 3 + √3. ಅಕ್ಷರಗಳಿರುವಾಗ ಇನ್ನೊಂದು ಸಾಲು ಸೇರಿಸಬೇಕು: (ಅ − 9)/(√ಅ − 3) = √ಅ + 3, ಪಕ್ಕದಲ್ಲೇ ಅ ≠ 9 ಎಂದು. ಬಲಗಡೆ 9 ಹಾಕಿದರೆ 6 ಬರುತ್ತದೆ, ಎಡಗಡೆ ಸೊನ್ನೆಯಿಂದ ಭಾಗಾಕಾರ.