ಜಾಗಟೆ ಯಾರ ಕೈಯಲ್ಲಿ: ವಿಡಿಯೋ ಗೇಮನ್ನು ನಾಟಕದ ಸ್ಟೇಜಿಗೆ ತಂದ ನನ್ನ ಅನುಭವ

ನಮ್ಮ ಊರಲ್ಲಿ "ಇವತ್ತು ಆಟ ಉಂಟು" ಅಂದ್ರೆ ಯಕ್ಷಗಾನ ಅಂತಲೇ ಅರ್ಥ. ಹಾಗಾಗಿ ನಾನು ಮನೆಯಲ್ಲಿ "ಕಲಾ ಹಬ್ಬಕ್ಕೆ ಒಂದು ಆಟ ಮಾಡ್ತಾ ಇದ್ದೇವೆ" ಅಂದಾಗ ಅಮ್ಮ ಕೇಳಿದ್ದು "ಯಾವ ಪ್ರಸಂಗ?" ಅಂತ. ನಾನು ಹೇಳಿದ್ದು ವಿಡಿಯೋ ಗೇಮ್ ಬಗ್ಗೆ. ಆದ್ರೆ ಆರು ತಿಂಗಳು ಇದ್ರಲ್ಲೇ ಮುಳುಗಿದ ಮೇಲೆ ಈಗ ಅನ್ನಿಸ್ತದೆ, ಅಮ್ಮ ಕೇಳಿದ ಪ್ರಶ್ನೆಯಿಂದಲೇ ನಾವು ಶುರು ಮಾಡ್ಬೇಕಿತ್ತು ಅಂತ.

ನಾವು ಐದು ಜನ. ನಾನು ಮಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುದು, ರಾತ್ರಿ ಮತ್ತೆ ಆದಿತ್ಯವಾರ ಗೇಮ್ ಮಾಡುದು. ಡೈರೆಕ್ಟರ್ ಉಡುಪಿಯವರು, ಇಪ್ಪತ್ತು ವರ್ಷದಿಂದ ಹವ್ಯಾಸಿ ನಾಟಕ ಮಾಡ್ತಾ ಇರುವವರು, ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುದು. ಇಬ್ಬರು ನಟರು. ಮತ್ತೆ ಸೌಂಡ್ ನೋಡಿಕೊಳ್ಳುವ ಒಬ್ಬ ಹುಡುಗ, ಅವ ಚೆಂಡೆ ಕಲಿತವ, ಇದು ಆಮೇಲೆ ತುಂಬಾ ಉಪಯೋಗಕ್ಕೆ ಬಂತು.

ಕಥೆ ನಮ್ಮದೇ ಊರಿನದ್ದು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಫ್ಯಾಕ್ಟರಿ ಶುರು ಮಾಡಿದ್ರಲ್ಲ, ಅದಾದ ಮೇಲೆ ನೇತ್ರಾವತಿ, ಗುರುಪುರ ಹೊಳೆ ಬದಿಯಲ್ಲಿ ಎಷ್ಟೋ ಫ್ಯಾಕ್ಟರಿ ಎದ್ದವು, ಈಗ ಹೆಚ್ಚಿನದ್ದು ಬಂದ್. ನಮ್ಮ ಗೇಮಲ್ಲಿ ಅಂಥ ಬಂದ್ ಆದ ಒಂದು ಫ್ಯಾಕ್ಟರಿ, ರಾತ್ರಿ ಅಲ್ಲಿ ಒಬ್ಬ ವಾಚ್‌ಮನ್ ಲಾಟೀನು ಹಿಡ್ಕೊಂಡು ತಿರುಗ್ತಾನೆ. ಸ್ಕ್ರೀನಲ್ಲಿ ಅವ ಸಣ್ಣ ಪಿಕ್ಸೆಲ್ ಗೊಂಬೆ. ಸ್ಟೇಜಲ್ಲಿ ಅದೇ ವಾಚ್‌ಮನ್ ಆಗಿ ನಿಜವಾದ ನಟ. ಪ್ರೇಕ್ಷಕರಲ್ಲಿ ಒಬ್ಬರು ಎದ್ದು ಬಂದು ಕಂಟ್ರೋಲರ್ ಹಿಡಿದು ಗೊಂಬೆಯನ್ನು ನಡೆಸ್ಬೇಕು, ಅವರು ಎಲ್ಲಿ ಹೋಗ್ತಾರೋ ಎಂತ ಮುಟ್ತಾರೋ ಅದಕ್ಕೆ ನಟ ಅಲ್ಲೇ ಮಾತು ಕಟ್ಬೇಕು. ಬರೆದಿಟ್ಟ ಡೈಲಾಗ್ ಇಲ್ಲ, ಘಟನೆಗಳು ಮಾತ್ರ ನಿಗದಿ.

ಇದು ನಮ್ಮ ತಲೆಯಿಂದಲೇ ಹುಟ್ಟಿದ್ದು ಅಂತ ಹೇಳುದಿಲ್ಲ. ಕೆನಡಾದ ಪ್ಯಾಟ್ರಿಕ್ ಬ್ಲೆಂಕಾರ್ನ್ ಮತ್ತು ಮಿಲ್ಟನ್ ಲಿಮ್ ಕತ್ತೆಗಳ ಬಗ್ಗೆ ಒಂದು ಗೇಮ್ ಮಾಡಿ ಅದನ್ನೇ ರಂಗಪ್ರಯೋಗ ಅಂತ ಹಬ್ಬದಿಂದ ಹಬ್ಬಕ್ಕೆ ತಗೊಂಡು ಹೋದ್ರು, ಹೆಸರು ಆಸಸ್ ಮಾಸಸ್. ಅಲ್ಲಿ ಸ್ಟೇಜಲ್ಲಿ ನಟರೇ ಇಲ್ಲ, ಒಂದೇ ಒಂದು ಕಂಟ್ರೋಲರ್, ಪ್ರೇಕ್ಷಕರೇ ಒಬ್ಬರಾದ ಮೇಲೆ ಒಬ್ಬರು ಬಂದು ಆಡುದು, ಮಧ್ಯೆ ಊಟ ತಿಂಡಿ, ಒಟ್ಟು ಏಳು ಗಂಟೆಗಿಂತ ಹೆಚ್ಚು. ಏಳು ಗಂಟೆ ಯಾರು ಕೂತ್ಕೊಳ್ತಾರೆ ಅಂತ ಹೊರಗಿನವರು ಕೇಳ್ಬಹುದು, ಬೆಳಗಿನ ವರೆಗೆ ಗದ್ದೆಯಲ್ಲಿ ಚಾಪೆ ಹಾಕಿ ಆಟ ನೋಡಿದ ಊರಿನವರು ಕೇಳುದಿಲ್ಲ. ಇಂಗ್ಲೆಂಡಿನ ಬ್ಲಾಸ್ಟ್ ಥಿಯರಿ ತಂಡದವರಂತೂ 2001ರಲ್ಲೇ ಶೆಫೀಲ್ಡ್ ಪೇಟೆಯಲ್ಲಿ ಕಲಾವಿದರನ್ನು ಓಡಿಸಿ, ಇಂಟರ್ನೆಟ್ಟಲ್ಲಿ ಕೂತವರನ್ನು ಅವರು ಬೆನ್ನಟ್ಟುವ ಹಾಗೆ ಗೇಮ್ ಮಾಡಿದ್ರು. ನಂಗೆ ಬೇಕಾಗಿದ್ದು ನಟ, ಗೇಮ್, ಆಡುವವ ಮೂರೂ ಒಟ್ಟಿಗೆ.

ಮೊದಲ ಎರಡು ತಿಂಗಳು ನಾನು ಮಾಡಿದ್ದು ಸರಿ ಆಗ್ಲಿಲ್ಲ. ಗೋಡೋ ಅಂತ ಗೇಮ್ ಮಾಡುವ ಒಂದು ಸಾಫ್ಟ್‌ವೇರ್ ಉಂಟು, ಅದ್ರಲ್ಲಿ ಮಾಡಿದ್ದು, ಅದು ಓಪನ್ ಸೋರ್ಸ್, ದುಡ್ಡು ಕೊಡುದು ಬೇಡ. ಎಲ್ಲ ಸೀನಿಗೂ ಟೈಮರ್ ಇಟ್ಟಿದ್ದೆ, ಬಾಗಿಲು ತೆಗೆದ್ರೆ ಎಂಟು ಸೆಕೆಂಡ್ ಬಿಟ್ಟು ಒಳಗಿನ ಲೈಟ್, ಮತ್ತೆ ನಾಲ್ಕು ಸೆಕೆಂಡಿಗೆ ಯಂತ್ರದ ಶಬ್ದ, ಹೀಗೆ. ಮನೆಯಲ್ಲಿ ಒಬ್ಬನೇ ಕೂತು ಆಡುವಾಗ ಚಂದ ಕಾಣ್ತಿತ್ತು. ರಿಹರ್ಸಲಲ್ಲಿ ನಟ ಒಳ್ಳೆ ಮಾತಿನ ಮಧ್ಯೆ ಇರುವಾಗ ಹಿಂದೆ ಲೈಟ್ ಬಂದು ಬಿಡ್ತದೆ, ಇಲ್ಲದಿದ್ರೆ ಅವ ಮಾತು ಮುಗಿಸಿ ನಿಂತಿರ್ತಾನೆ ಗೇಮ್ ಇನ್ನೂ ಅಲ್ಲೇ. ಇಬ್ಬರೂ ಒಬ್ಬರ ಕಾಲು ಒಬ್ಬರು ತುಳಿದ ಹಾಗೆ.

ಅಕ್ಕ ಒಂದು ದಿನ ತನ್ನ ಪರಿಚಯದ ಒಬ್ಬ ಹಿರಿಯ ಭಾಗವತರನ್ನು, ಅಂದ್ರೆ ಯಕ್ಷಗಾನದಲ್ಲಿ ಪದ ಹಾಡಿ ಆಟ ನಡೆಸುವವರನ್ನು, ರಿಹರ್ಸಲಿಗೆ ಕರ್ಕೊಂಡು ಬಂದ್ರು, ತೆಂಕುತಿಟ್ಟಿನವರು (ಯಕ್ಷಗಾನದ ತೆಂಕಣ ಶೈಲಿ), ಈಗ ಮೇಳ ಬಿಟ್ಟು ಮನೆಯಲ್ಲಿರುವವರು. ಅವರು ಒಂದು ಗಂಟೆ ಏನೂ ಮಾತಾಡದೆ ಕೂತು ನೋಡಿದ್ರು. ಚಾ ಕುಡಿಯುವಾಗ ನನ್ನ ಹತ್ರ ಕೇಳಿದ್ರು, "ಅಲ್ಲ ಮಗ, ನಿನ್ನ ಈ ಪೆಟ್ಟಿಗೆ ಮುಂದಿನ ಪದ ಎತ್ತುವ ಮೊದಲು ಯಾರ ಮುಖ ನೋಡ್ತದೆ?"

ನಂಗೆ ಉತ್ತರ ಗೊತ್ತಾಗ್ಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದ್ರು. ಭಾಗವತ ಪದ ಹೇಳ್ತಾನೆ, ಪದ ಆದ ಮೇಲೆ ವೇಷಧಾರಿ ಅರ್ಥ ಹೇಳ್ತಾನೆ, ಅಂದ್ರೆ ಆ ಪದದ ಮೇಲೆ ಅಲ್ಲೇ ಮಾತು ಕಟ್ತಾನೆ, ಆ ಅರ್ಥ ಎರಡು ನಿಮಿಷ ಆಗ್ಬಹುದು ಇಪ್ಪತ್ತು ನಿಮಿಷ ಆಗ್ಬಹುದು, ಕಲಾವಿದ ಯಾರು, ಎದುರು ವೇಷ ಯಾರದ್ದು, ಜನ ಹೇಗೆ ಕೇಳ್ತಾ ಇದ್ದಾರೆ ಅದ್ರ ಮೇಲೆ. ಮಾತು ಇಳಿಯುದನ್ನು ನೋಡಿ ಭಾಗವತ ಜಾಗಟೆಗೆ ಪೆಟ್ಟು ಹಾಕ್ತಾನೆ. ಮಾತು ಎಳೀತಾ ಇದ್ರೂ ಜಾಗಟೆ ಬೀಳ್ತದೆ, ಅದು ಸಾಕು ಅಂತ ಹೇಳಿದ ಹಾಗೆ. ಸಮಯ ಇಡೀ ಅವನ ಕೈಯಲ್ಲಿ, ಆದ್ರೆ ಅವ ಗಡಿಯಾರ ನೋಡುದಿಲ್ಲ, ಮುಖ ನೋಡುದು.

ಆ ರಾತ್ರಿ ನಾನು ಕೋಡ್ ತೆರೆದು ಟೈಮರ್ ಎಷ್ಟು ಉಂಟು ಅಂತ ಲೆಕ್ಕ ಹಾಕಿದೆ, 61 ಇತ್ತು. ಎಲ್ಲ ತೆಗೆದೆ. ಅದ್ರ ಬದಲು ಪ್ರತಿ ಕಡೆಯೂ ಗೇಮ್ ಒಂದು ಸಿಗ್ನಲಿಗೆ ಕಾಯ್ತದೆ, ಆ ಸಿಗ್ನಲ್ ಕೊಡುದು ಸ್ಟೇಜಿನ ಬದಿಯಲ್ಲಿ ಕೂತ ಚೆಂಡೆಯ ಹುಡುಗ. ಅವನ ಮುಂದೆ ಒಂದು ನಂಬರ್ ಪ್ಯಾಡ್ ಮಾತ್ರ, ಮೂರು ಕೀ: ಮುಂದೆ, ತಡಿ, ಕತ್ತಲೆ. ಮೊದಲು ಹದಿನಾಲ್ಕು ಕೀ ಕೊಟ್ಟಿದ್ದೆ, ಅವ ಕೀ ಹುಡುಕುದ್ರಲ್ಲೇ ಇದ್ದು ನಟನನ್ನು ನೋಡುದು ಬಿಟ್ಟ, ಹಾಗೆ ಕಡಿಮೆ ಮಾಡಿದ್ದು.

ಟೈಮರ್ ತೆಗೆದ ಮೇಲೆ ಇನ್ನೊಂದು ಕಷ್ಟ. ಕಾಯುವ ಗೇಮ್ ಹ್ಯಾಂಗ್ ಆದ ಹಾಗೆ ಕಾಣ್ತದೆ. ಗೊಂಬೆ ಸುಮ್ಮನೆ ನಿಂತ್ರೆ ಸತ್ತ ಹಾಗೆ. ಅಕ್ಕ ನಮ್ಮನ್ನೆಲ್ಲ ಕುಂದಾಪುರ ಹತ್ರ ಉಪ್ಪಿನಕುದ್ರಿಗೆ ಕರ್ಕೊಂಡು ಹೋದ್ರು, ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟ ಉಂಟಲ್ಲ, ಸೂತ್ರದ ಗೊಂಬೆ. ಅಲ್ಲಿ ನಾನು ಕುಣಿಯುವ ಗೊಂಬೆಯನ್ನು ಬಿಟ್ಟು ಬದಿಯಲ್ಲಿ ನಿಂತು ಕೇಳುವ ಗೊಂಬೆಯನ್ನೇ ನೋಡ್ತಾ ಕೂತೆ. ಹಿಡಿದವರ ಬೆರಳು ಒಂಚೂರು ಅಲ್ಲಾಡಿದ್ರೂ ಸಾಕು ಕೆಳಗೆ ತಲೆ ಹೀಗೆ ತಿರುಗ್ತದೆ, ಉಸಿರು ಇದ್ದ ಹಾಗೆ ಕಾಣ್ತದೆ. ಬಂದು ವಾಚ್‌ಮನ್‌ಗೆ ಸುಮ್ಮನೆ ನಿಲ್ಲುವ ಅನಿಮೇಶನ್ ಮಾಡ್ಲಿಕ್ಕೆ ಕೂತೆ: ಲಾಟೀನು ಕೈ ಬದಲಾಯಿಸುದು, ಹೆಗಲ ಮೇಲಿನ ಬೈರಾಸು (ಟವೆಲ್) ಸರಿ ಮಾಡುದು, ಮೇಲೆ ಮಾಡಿನ (ಛಾವಣಿಯ) ಕಡೆ ನೋಡುದು, ಕೆಮ್ಮುದು. ನಡೆಯುವ ಅನಿಮೇಶನ್ ಎರಡು ದಿನದಲ್ಲಿ ಆಗಿತ್ತು, ನಿಲ್ಲುದಕ್ಕೆ ಮೂರು ವಾರ ಹೋಯ್ತು. ಇದು ಮಾಡುವವರಿಗೆ ನಾನು ಹೇಳುದಾದ್ರೆ, ನಿಮ್ಮ ಸಮಯ ಇಲ್ಲೇ ಹಾಕಿ.

ನಟನಿಗೆ ಬೆನ್ನ ಹಿಂದೆ ಸ್ಕ್ರೀನ್, ತಿರುಗಿ ನೋಡಿದ್ರೆ ಜನರಿಗೆ ಬೆನ್ನು ಕಾಣ್ತದೆ. ಸ್ಟೇಜಿನ ಎದುರು ನೆಲದಲ್ಲಿ ಸಣ್ಣ ಮಾನಿಟರ್ ಇಟ್ಟು ನೋಡಿದೆವು, ಅವನ ಕಣ್ಣು ಅಲ್ಲೇ ಅಂಟಿಕೊಳ್ತಿತ್ತು. ಕೊನೆಗೆ ಶಬ್ದದಲ್ಲೇ ಎಲ್ಲ ಹೇಳುದು ಅಂತ ಮಾಡಿದೆವು. ಮಣ್ಣಿನ ಮೇಲೆ ನಡೆದ್ರೆ ಒಂದು ಶಬ್ದ, ಒಡೆದ ಹಂಚಿನ ಮೇಲೆ ಬೇರೆ, ಭಟ್ಟಿಯೊಳಗೆ ಹೋದ್ರೆ ಗುಂಯ್ ಅಂತ ಪ್ರತಿಧ್ವನಿ, ಗೊಂಬೆ ತಿರುಗಿದ್ರೆ ಲಾಟೀನಿನ ಹಿಡಿಕೆ ಕಿರ್ ಅನ್ನುದು. ಹದಿನೈದು ರಿಹರ್ಸಲ್ ಆದ ಮೇಲೆ ನಟ ಕಣ್ಣು ಮುಚ್ಚಿ ಹೇಳ್ತಿದ್ದ ಗೊಂಬೆ ಎಲ್ಲುಂಟು ಅಂತ. ಚೆಂಡೆ ಪೆಟ್ಟು ಕೇಳಿ ಹೆಜ್ಜೆ ಹಾಕುವವರಿಗೆ ಇದು ಹೊಸತೇನಲ್ಲ.

ಮತ್ತೆ ಸಾಮಾನಿನ ವಿಷಯ, ಬೇಗ ಹೇಳ್ತೇನೆ. ಬ್ಲೂಟೂತ್ ಕಂಟ್ರೋಲರ್ ಬೇಡ, ಜನ ತುಂಬಿದ ಹಾಲಲ್ಲಿ 2.4 ಗಿಗಾಹರ್ಟ್ಸಲ್ಲಿ ಎಲ್ಲರ ಫೋನ್, ವೈಫೈ, ಎಲ್ಲ ಒಂದೇ ಕಡೆ ನುಗ್ತದೆ. ವಯರಿನದ್ದೇ ತಗೊಳ್ಳಿ. ಮಾಮೂಲಿ ಯುಎಸ್‌ಬಿ ಕೇಬಲ್ ಐದು ಮೀಟರಿಗಿಂತ ಉದ್ದ ಆದ್ರೆ ನಂಬ್ಲಿಕ್ಕೆ ಆಗುದಿಲ್ಲ, ಸಿಗ್ನಲಿಗೆ ಬಲ ಕೊಡುವ ಆಕ್ಟಿವ್ ಎಕ್ಸ್‌ಟೆನ್ಶನ್ ಬೇಕು. ಪ್ರೊಜೆಕ್ಟರನ್ನು ಓರೆ ಇಟ್ಟು, ಚಿತ್ರವನ್ನು ಕೀಸ್ಟೋನ್ ಅನ್ನುವ ಸೆಟ್ಟಿಂಗಲ್ಲಿ ನೇರ ಮಾಡಿದ್ರೆ ಕೆಲವದ್ರಲ್ಲಿ ಚಿತ್ರ ತಡ ಆಗಿ ಬರ್ತದೆ, ಆಡುವವರಿಗೆ ಕೆಸರಲ್ಲಿ ನಡೆದ ಹಾಗೆ ಆಗ್ತದೆ. ನಾವು ನೇರ ಇಟ್ಟು, ಈ ತಡ ಕಡಿಮೆ ಮಾಡುವ ಗೇಮ್ ಮೋಡ್ ಹಾಕಿದೆವು. ಲೈಟ್ ಎದುರಿನಿಂದ ಬೇಡ, ಬದಿಯಿಂದ, ಇಲ್ಲದಿದ್ರೆ ಸ್ಕ್ರೀನ್ ಬಿಳಿಚಿಕೊಳ್ತದೆ. ಲ್ಯಾಪ್‌ಟಾಪಿಗೂ ಪ್ರೊಜೆಕ್ಟರಿಗೂ ಯುಪಿಎಸ್ ಇಡಿ, ಕರೆಂಟು ಹೇಗೆ ಅಂತ ಗೊತ್ತುಂಟಲ್ಲ.

ಫೋನಿಂದ ಎಲ್ಲರೂ ವೋಟ್ ಮಾಡುವ ಹಾಗೆ ಮಾಡುವ ಅಂತಲೂ ಒಮ್ಮೆ ಯೋಚನೆ ಇತ್ತು. 2014ರಲ್ಲಿ ಟ್ವಿಚ್ ಅನ್ನುವ ಗೇಮ್ ಲೈವ್ ತೋರಿಸುವ ವೆಬ್‌ಸೈಟಲ್ಲಿ ಲಕ್ಷಗಟ್ಟಲೆ ಜನ ಸೇರಿ ಚಾಟ್‌ನಲ್ಲೇ ಪೊಕೆಮಾನ್ ಆಡಿ 16 ದಿನದಲ್ಲಿ ಮುಗಿಸಿದ್ದು ನಂಗೆ ತುಂಬಾ ಇಷ್ಟದ ಘಟನೆ. ಸ್ನೇಹಿತರನ್ನು ಕೂರಿಸಿ ಟ್ರಯಲ್ ಮಾಡಿದೆವು. ವೋಟ್ ಎಲ್ಲ ಸರಿಯಾಗಿ ಬಂತು, ಆದ್ರೆ ಎಲ್ಲರ ತಲೆ ಕೆಳಗೆ, ನಟ ಎಷ್ಟು ಚಂದ ಮಾಡಿದ್ರೂ ನೋಡುವವರಿಲ್ಲ. ಅದನ್ನು ಬಿಟ್ಟೇ ಬಿಟ್ಟೆವು.

ಹಬ್ಬದಲ್ಲಿ ಮೂರು ಶೋ ಇತ್ತು, ಮಂಗಳೂರಲ್ಲಿ, ನೂರು ಜನರ ಒಂದು ಸಣ್ಣ ಹಾಲ್. ಮೊದಲ ಶೋದಲ್ಲಿ ಯಾರೂ ಎದ್ದು ಬರ್ಲಿಲ್ಲ, ಎರಡು ನಿಮಿಷ ಆಗಿ ಒಂದು ಹುಡುಗ ಓಡಿ ಬಂದು ಗೊಂಬೆಯನ್ನು ಅಡ್ಡಾದಿಡ್ಡಿ ಓಡಿಸಿದ, ನಟನೂ ಜೊತೆಗೆ ಓಡಿ ಓಡಿ ಬೆವರಿದ, ಜನರಿಗೆ ಖುಷಿ ಆಯ್ತು. ಆದ್ರೆ ದೊಡ್ಡವರು ಯಾರೂ ಕಂಟ್ರೋಲರ್ ಮುಟ್ಲಿಲ್ಲ. ಎರಡನೇ ಶೋಗೆ ಕಂಟ್ರೋಲರನ್ನು ಸ್ಟೇಜಿಂದ ಕೆಳಗೆ ತಂದು ಮೊದಲ ಸಾಲಿನ ಹತ್ರ ಒಂದು ಮರದ ಸ್ಟೂಲ್ ಮೇಲೆ ಇಟ್ಟೆವು, ಪಕ್ಕದಲ್ಲಿ ಕೂತ್ಕೊಳ್ಲಿಕ್ಕೆ ಕುರ್ಚಿ, ಮೆಟ್ಟಿಲು ಹತ್ತುದು ಬೇಡ, ಜನರಿಗೆ ಮುಖ ಮಾಡಿ ನಿಲ್ಲುದೂ ಬೇಡ. ಆಗ ಬಂದ್ರು.

ಮೂರನೇ ಶೋದಲ್ಲಿ ಒಬ್ಬರು ಅಜ್ಜಿ ಬಂದ್ರು, ಮೊಮ್ಮಗಳು ಪಕ್ಕದಲ್ಲಿ ನಿಂತು ಯಾವ ಬಟನ್ ಅಂತ ಕಿವಿಯಲ್ಲಿ ಹೇಳ್ತಾ ಇದ್ಳು. ಗೊಂಬೆ ಗೋಡೆಗೆ ಹೋಗಿ ಹೊಡೀತಿತ್ತು, ಹಿಂದೆ ಬರ್ತಿತ್ತು. ಹಾಗೇ ಹಸಿ ಹಂಚು ಒಣಗಿಸುವ ಅಟ್ಟಳಿಗೆ ಇರುವ ಶೆಡ್ಡಿಗೆ ಬಂದು ಅಲ್ಲೇ ನಿಂತಿತು. ಅಜ್ಜಿ ಬಟನಿಂದ ಕೈ ತೆಗೆದು ಸ್ಕ್ರೀನ್ ನೋಡ್ತಾ ಕೂತ್ರು. ಮೊಮ್ಮಗಳು "ಮುಂದೆ ಹೋಗಿ ಅಜ್ಜಿ" ಅಂದ್ಳು, ಅವರು ಹೋಗ್ಲಿಲ್ಲ. ಚೆಂಡೆಯ ಹುಡುಗ ನನ್ನ ಕಡೆ ನೋಡಿದ, ನಾನು ಬೇಡ ಅಂತ ತಲೆ ಅಲ್ಲಾಡಿಸಿದೆ, ಅವ "ತಡಿ" ಒತ್ತಿ ಕೈ ಹಿಂದೆ ತಗೊಂಡ. ಸ್ಕ್ರೀನಲ್ಲಿ ವಾಚ್‌ಮನ್ ಲಾಟೀನು ಕೈ ಬದಲಾಯಿಸಿದ, ಬೈರಾಸು ಸರಿ ಮಾಡಿದ, ಮಾಡು ನೋಡಿದ.

ನಟ ಮೆಲ್ಲ ಸ್ಟೇಜಿನ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತು ಕೇಳಿದ, "ಅಮ್ಮ, ಇಲ್ಲಿ ಎಂತ ಇತ್ತು?"

"ನಾನು ಹಂಚು ಹೊತ್ತದ್ದು ಇಂಥದ್ದೇ ಶೆಡ್ಡಲ್ಲಿ" ಅಂದ್ರು ಅಜ್ಜಿ. ಆಮೇಲೆ ಒಂಬತ್ತು ನಿಮಿಷ ಅವರೇ ಮಾತಾಡಿದ್ದು. ಹಸಿ ಹಂಚನ್ನು ಅಂಚು ಬಗ್ಗದ ಹಾಗೆ ಹೇಗೆ ಹಿಡಿಯುದು, ಮಳೆಗಾಲದಲ್ಲಿ ಒಣಗದೆ ಎಷ್ಟು ಕಷ್ಟ, ಸಂಜೆ ಕೈ ಹೇಗೆ ಬಿರಿಯುದು. ನಟ ಬರೇ "ಹೌದಾ", "ಆಮೇಲೆ?" ಅಂತ ಕೇಳ್ತಾ ಇದ್ದ. ಮಾತು ಇಳಿದದ್ದು ಗೊತ್ತಾದ ಕೂಡಲೇ ಹುಡುಗ "ಮುಂದೆ" ಒತ್ತಿದ, ಶೆಡ್ಡಿನ ಆಚೆ ಬಾಗಿಲಲ್ಲಿ ಬೆಳಕು ಬಂತು, ಅಜ್ಜಿ ತಾವಾಗಿಯೇ ಗೊಂಬೆಯನ್ನು ಆ ಕಡೆ ನಡೆಸಿದ್ರು.

ಬರುವ ವರ್ಷ ಉಡುಪಿಯಲ್ಲಿ ಮತ್ತೊಮ್ಮೆ ಮಾಡ್ಬೇಕು ಅಂತ ಉಂಟು. ಆ ದಿನ ಅಜ್ಜಿಯ ಮಾತು ಹಿಂದಿನ ಸಾಲಿನವರಿಗೆ ಸರಿ ಕೇಳ್ಲಿಲ್ಲ, ಹಾಗಾಗಿ ಈಗ ಸ್ಟೂಲಿನ ಬದಿಯಲ್ಲಿ ಒಂದು ಮೈಕ್ ಇಡ್ತಾ ಇದ್ದೇವೆ.