ಹೊಲಿಗೆ ನಿಲ್ಲದ ಚರ್ಮ: ಮುಂಬೈಯಲ್ಲಿ ಕಾಸ್ಮೆಟಿಕ್ ಸರ್ಜರಿಗೆ ಹೊರಡುವ ಮುನ್ನ

ಹುಟ್ಟಿನಿಂದಲೇ ಚರ್ಮ, ಕೀಲು ಸಡಿಲವಾಗಿರುವ ಏಲರ್ಸ್-ಡ್ಯಾನ್ಲೋಸ್‌ನಂಥ ಕಾಯಿಲೆ ಇರುವವರಿಗೆ, ಇದೆಯೇನೋ ಎಂಬ ಅನುಮಾನ ಇರುವವರಿಗೆ ಈ ಮಾತು. ಕ್ಲಿನಿಕ್ಕಿನವರು ತೋರಿಸುವ 'ಮೊದಲು-ನಂತರ' ಫೋಟೋಗಳಿಗಿಂತ ನಿಮ್ಮ ಮೈಮೇಲಿನ ಹಳೆಯ ಗಾಯದ ಗುರುತು ಹೆಚ್ಚು ಹೇಳುತ್ತದೆ. ಅಪೆಂಡಿಕ್ಸ್ ಹೊಲಿಗೆಯೋ, ಸಿಸೇರಿಯನ್ ಗೆರೆಯೋ, ಚಿಕ್ಕಂದಿನಲ್ಲಿ ಬಿದ್ದು ಮೊಣಕಾಲು ಒಡೆದದ್ದೋ, ಬೆಳಕಿಗೆ ಹಿಡಿದು ನೋಡಿ. ಗೆರೆಯಾಗಿ ಉಳಿಯಬೇಕಾದ್ದು ಬೆರಳಗಲ ಹರಡಿ, ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಸುಕ್ಕುಗಟ್ಟಿದ್ದರೆ ಮುಂದಿನ ಹೊಲಿಗೆಯೂ ಹಾಗೇ ಆಗುವ ಸಂಭವ ಹೆಚ್ಚು. ಏಲರ್ಸ್-ಡ್ಯಾನ್ಲೋಸ್ ಇರುವವರಲ್ಲಿ ಚರ್ಮ, ಕೀಲುಗಳನ್ನು ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನೇ ಸಡಿಲ. ಸರ್ಜನ್ ಎಷ್ಟೇ ನುರಿತವರಾದರೂ ಗಾಯ ಮಾಯುವುದು ಆ ಕೊಲಾಜನ್ನಿನಿಂದಲೇ.

ರೋಗನಿರ್ಣಯ ಆಗಿಲ್ಲವೆಂದರೆ ಕೀಲು ಎಷ್ಟು ಸಡಿಲ ಎಂದು ಅಳೆಯುವ ಬೈಟನ್ ಅಂಕ ನೋಡಿಕೊಳ್ಳಿ. ಕಿರುಬೆರಳು ಹಿಂದಕ್ಕೆ 90 ಡಿಗ್ರಿ ಮೀರಿ ಬಾಗುವುದು, ಹೆಬ್ಬೆರಳು ಮುಂಗೈಗೆ ತಾಗುವುದು, ಮೊಣಕೈ ಮತ್ತು ಮೊಣಕಾಲು 10 ಡಿಗ್ರಿ ಮೀರಿ ಹಿಂದಕ್ಕೆ ಬಾಗುವುದು: ಎಡಬಲ ಎರಡಕ್ಕೂ ಒಂದೊಂದು. ಮಂಡಿ ಬಗ್ಗಿಸದೆ ಅಂಗೈ ನೆಲಕ್ಕೆ ಊರಿದರೆ ಇನ್ನೊಂದು. ಒಟ್ಟು 9ರಲ್ಲಿ 5 ಬಂದರೆ ವೈದ್ಯರಿಗೆ ತೋರಿಸಿ. 50 ದಾಟಿದವರಿಗೆ 4 ಸಾಕು.

ಆಮೇಲೆ ಯಾವ ಬಗೆ ಎಂಬುದು ಇತ್ಯರ್ಥವಾಗಬೇಕು. 2017ರ ವರ್ಗೀಕರಣದಲ್ಲಿ 13 ಬಗೆಗಳಿವೆ. ಕೀಲು ಸಡಿಲವಾಗುವ ಹೈಪರ್‌ಮೊಬೈಲ್ ಬಗೆಗೆ ಜೀನ್ ಪರೀಕ್ಷೆಯೇ ಇಲ್ಲ, ಮೈ ನೋಡಿಯೇ ಹೇಳಬೇಕು. ರಕ್ತನಾಳದ ಬಗೆ ಮಾತ್ರ ಬೇರೆಯದೇ ಕಥೆ. ನಾಳಗಳು ಕಾಣುವಷ್ಟು ತೆಳು ಚರ್ಮ, ಸುಮ್ಮನೆ ನೀಲಿಗಟ್ಟುವುದು, ಮನೆಯಲ್ಲಿ ಯಾರಿಗೋ ಎಳೆ ವಯಸ್ಸಿನಲ್ಲಿ ಕರುಳೋ ರಕ್ತನಾಳವೋ ಒಡೆದದ್ದು ಇದ್ದರೆ ಮೊದಲು ಜೀನ್ ಪರೀಕ್ಷೆ. ಅದು ಖಚಿತವಾದರೆ ಅಂದಕ್ಕಾಗಿ ಸರ್ಜರಿ ಬೇಡ, ಅಷ್ಟೇ. ಮಾರ್ಫನ್ (ಮಹಾಧಮನಿ ಹಿಗ್ಗಬಹುದಾದ ಇಂಥದೇ ಇನ್ನೊಂದು ಜನ್ಮಜಾತ ಕಾಯಿಲೆ) ಇದ್ದವರು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಮಹಾಧಮನಿಯ ಅಳತೆ ಹೃದಯತಜ್ಞರಿಗೆ ತೋರಿಸದೆ ಯಾವ ತಾರೀಖನ್ನೂ ಗೊತ್ತು ಮಾಡಬೇಡಿ.

ಸರ್ಜನ್ ಬಳಿ ಕೇಳಬೇಕಾದ್ದು ಒಂದೇ: ಹೊಲಿಗೆ ಹೇಗೆ ಹಾಕುತ್ತೀರಿ? ಒಳಪದರದಲ್ಲಿ ಒತ್ತೊತ್ತಾಗಿ ಹೊಲಿದು, ಮೇಲಿನ ಚರ್ಮದ ಮೇಲೆ ಎಳೆತ ಬೀಳದಂತೆ ಮುಚ್ಚಬೇಕು; ಹೊರಗಿನ ಹೊಲಿಗೆ ಮಾಮೂಲಿಗಿಂತ ಸುಮಾರು ಎರಡು ಪಟ್ಟು ದಿನ ಇರಬೇಕು. ಮುಖದಲ್ಲಿ 5 ದಿನಕ್ಕೆ ತೆಗೆಯುವುದನ್ನು 10ಕ್ಕೆ ತೆಗೆಯಬೇಕು. ಇದಕ್ಕೆ 'ನಮ್ಮಲ್ಲಿ ಎಲ್ಲರಿಗೂ ಒಂದೇ ಪದ್ಧತಿ' ಎಂಬ ಉತ್ತರ ಬಂದರೆ ಎದ್ದು ಬನ್ನಿ. ಪರೇಲಿನ ಕೆಇಎಂ, ಸಯನ್‌ನ ಲೋಕಮಾನ್ಯ ತಿಲಕ್‌ನಂಥ ಬಿಎಂಸಿ (ಮುಂಬೈ ಮಹಾನಗರ ಪಾಲಿಕೆ) ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ಕ್ಯೂ ಉದ್ದ, ಆದರೂ ಎರಡನೇ ಅಭಿಪ್ರಾಯಕ್ಕೆ ಹೋಗಬಹುದು.

ಅರಿವಳಿಕೆ ತಜ್ಞರನ್ನು ಮೊದಲೇ ಭೇಟಿಯಾಗಿ. ಹಲ್ಲಿನ ಡಾಕ್ಟರ ಮರಗಟ್ಟಿಸುವ ಇಂಜೆಕ್ಷನ್ ಹಿಂದೆ ಸರಿಯಾಗಿ ಹಿಡಿಯದಿದ್ದರೆ, ನಿಂತಾಗ ತಲೆ ತಿರುಗಿ ಎದೆ ಹೊಡೆದುಕೊಳ್ಳುತ್ತಿದ್ದರೆ ಹೇಳಿ. ಪ್ರಜ್ಞೆ ಇಲ್ಲದಾಗ ದವಡೆ, ಕತ್ತು, ಭುಜ ಜಾರದಂತೆ ಮಲಗಿಸುವುದು ಅವರ ಕೈಯಲ್ಲಿದೆ.

ಫೇಸ್‌ಲಿಫ್ಟ್ ಬಿಗಿದ ಚರ್ಮ ಮತ್ತೆ ಜೋಲುತ್ತದೆ, ದುಡ್ಡು ದಂಡ ಅನಿಸುವಷ್ಟು ಬೇಗ. ಹೊಟ್ಟೆ ಬಿಗಿಸುವ ಸರ್ಜರಿಯಲ್ಲಿ ಅಗಲವಾದ ಚರ್ಮ ಎಬ್ಬಿಸುವುದರಿಂದ ನೀರು ತುಂಬುವುದು, ಗಾಯ ಬಿಚ್ಚುವುದು, ಮುಂದೆ ಹರ್ನಿಯಾ ಎಲ್ಲಕ್ಕೂ ದಾರಿ. ಚಿಕ್ಕ ಮಚ್ಚೆಯೊಂದನ್ನು ತೆಗೆಸಿ ಆರು ತಿಂಗಳು ಗುರುತು ಹೇಗಾಗುತ್ತದೆ ನೋಡುವುದು ಜಾಣತನ.

ತಿಂಗಳು ಆರಿಸುವಾಗ ಮಳೆಗಾಲ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆವರು, ತೇವಕ್ಕೆ ಗಾಯದ ಮೇಲಿನ ಟೇಪ್ ನಿಲ್ಲುವುದಿಲ್ಲ. ದಿನಕ್ಕೆರಡು ಸಲ ಅಂಟಿಸಿ ಕಿತ್ತರೆ ಚರ್ಮವೇ ಬರುತ್ತದೆ. ಸಿಲಿಕೋನ್ ಟೇಪ್ ತನ್ನಿ. ಕೀಳುವಾಗ ಚರ್ಮ ಒತ್ತಿ ಹಿಡಿದು, ಟೇಪನ್ನು ಅದರ ಮೇಲೇ ಮಡಚುತ್ತ ನಿಧಾನ ಎಳೆಯಿರಿ. ಸರ್ಜನ್ ಒಪ್ಪುವವರೆಗೆ ಲೋಕಲ್ ಟ್ರೇನ್ ಬೇಡ: ಡೊಂಬಿವಲಿಯ ಬೆಳಗಿನ ಗಾಡಿಯಲ್ಲಿ ಹಿಡಿಕೆಗೆ ಜೋತರೆ ಹೊಲಿಗೆಗಿಂತ ಮೊದಲು ಭುಜ ಜಾರೀತು.

ದುಡ್ಡಿನ ವಿಷಯ. ಅಂದಕ್ಕಾಗಿ ಮಾಡಿಸಿದ್ದಕ್ಕೆ ಮೆಡಿಕ್ಲೈಮ್ ಬರುವುದಿಲ್ಲ, ಮೇಲೆ 18% ಜಿಎಸ್‌ಟಿ. ಜನ್ಮಜಾತ ದೋಷ ಅಥವಾ ಗಾಯದಿಂದಾದ ವಿಕಾರ ಸರಿಪಡಿಸುವುದಾದರೆ ಜಿಎಸ್‌ಟಿ ಇಲ್ಲ, ಆದರೆ ಬಿಲ್ಲಿನಲ್ಲಿ, ಡಿಸ್ಚಾರ್ಜ್ ಚೀಟಿಯಲ್ಲಿ ಆ ಕಾರಣ ಬರೆದಿರಬೇಕು. ಹೊಲಿಗೆ ಬಿಚ್ಚಿ ಮತ್ತೆ ಹಾಕಬೇಕಾಗಿ ಬಂದರೆ ಖರ್ಚು ಯಾರದು ಎಂಬುದನ್ನೂ ಅಡ್ವಾನ್ಸ್ ಕೊಡುವ ಮೊದಲೇ ಬರೆಸಿಕೊಳ್ಳಿ.